ಹಳೆ ಎಟಿವಿ ಕಾರ್ಬ್ಯುರೇಟರ್: ಕಿಟ್ ಹಾಕಿ ಓವರ್‌ಹಾಲ್ ಮಾಡೋದಾ, ಹೊಸದೇ ಹಾಕೋದಾ?

ಕೆಸರುಗಾಲಿ:
400 ಸಿಸಿ, ಸಿಂಗಲ್ ಸಿಲಿಂಡರ್, ಫೋರ್ ಸ್ಟ್ರೋಕ್ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸೋ ನಾಲ್ಕು ಗಾಲಿ ಗಾಡಿ). ಡಯಾಫ್ರಂ ಇರುವ ಸಿವಿ ಕಾರ್ಬ್ (ಗಾಳಿ ಒತ್ತಡಕ್ಕೆ ತೆಳು ರಬ್ಬರ್ ಪೊರೆಯೇ ಒಳಗಿನ ಸ್ಲೈಡ್ ಎತ್ತೋ ಕಾರ್ಬ್ಯುರೇಟರ್). ಎರಡು ವರ್ಷ ಪೆಟ್ರೋಲ್ ತುಂಬಿಕೊಂಡೇ ನಿಂತಿದ್ದ ಗಾಡಿ. ಈಗ ಅರ್ಧ ಚೋಕ್ ಹಾಕಿದ್ದರೆ ಮಾತ್ರ ಓಡುತ್ತೆ, ಚೋಕ್ ತೆಗೆದ ತಕ್ಷಣ ಆಫ್. ಥ್ರಾಟಲ್ ಅರ್ಧ ದಾಟಿಸಿದರೆ ಇಂಜಿನ್ ಉಸಿರು ಕಟ್ಟಿದ ಹಾಗೆ ಮುಕ್ಕರಿಸುತ್ತೆ, ಆರ್‌ಪಿಎಂ ಏರಲ್ಲ. ನಿಂತಾಗ ಓವರ್‌ಫ್ಲೋ ಪೈಪಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ. ಕಂಪ್ರೆಷನ್, ಸ್ಪಾರ್ಕ್ ಎರಡೂ ಸರಿ ಇವೆ. ರಿಪೇರಿ ಕಿಟ್ ಹಾಕಲಾ, ಕಡಿಮೆ ಬೆಲೆಗೆ ಸಿಗೋ ಡೂಪ್ಲಿಕೇಟ್ ಕಾರ್ಬ್ ಇಡಿಯಾಗಿ ಕೂರಿಸಲಾ?

ಪೈಲಟ್‌ಜೆಟ್:
ನೀವು ಹೇಳಿದ್ದು ಒಂದು ರೋಗ ಅಲ್ಲ, ಮೂರು. ಚೋಕ್ ಇದ್ದರೆ ಮಾತ್ರ ಓಡೋದು ಅಂದರೆ ಹೆಚ್ಚಾಗಿ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಬಿಡಿಭಾಗ) ಕಟ್ಟಿರುತ್ತೆ. ಅರ್ಧದ ಮೇಲೆ ಏರದಿದ್ದರೆ ಡಯಾಫ್ರಂ ತೂತಾಗಿದೆ, ಇಲ್ಲವೇ ಹೆಚ್ಚು ಥ್ರಾಟಲ್‌ಗೆ ಪೆಟ್ರೋಲ್ ಬಿಡೋ ಮೇನ್ ಜೆಟ್‌ನಲ್ಲಿ ಕಸ ಕೂತಿದೆ. ತೊಟ್ಟಿಕ್ಕೋದು ಫ್ಲೋಟ್ ನೀಡಲ್ ಕೆಲಸ (ಕಾರ್ಬ್ ಕೆಳಗಿನ ಬಟ್ಟಲು, ಅಂದರೆ ಬೌಲ್, ತುಂಬಿದಾಗ ತೇಲೋ ಫ್ಲೋಟ್ ಒತ್ತಿ ಪೆಟ್ರೋಲ್ ತಡೆಯೋ ಸೂಜಿ). ಇಷ್ಟಕ್ಕೆ ಇಡೀ ಕಾರ್ಬ್ ಬದಲಾಯಿಸೋದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಆದರೆ ಕಿಟ್ ತರೋ ಮೊದಲು ಕಿಟ್‌ನಿಂದ ಸರಿಹೋಗದ ಜಾಗ ನೋಡಿಕೊಳ್ಳಿ. ಥ್ರಾಟಲ್ ಶಾಫ್ಟ್ (ಥ್ರಾಟಲ್ ಕೊಟ್ಟಾಗ ತಿರುಗೋ ಕಡ್ಡಿ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬಾಡಿಯ ತೂತೇ ಸವೆದಿದೆ. ಅನುಮಾನ ಇದ್ದರೆ ಇಂಜಿನ್ ಓಡುವಾಗ ಶಾಫ್ಟ್‌ನ ಎರಡೂ ತುದಿಗೆ ಕಾರ್ಬ್ ಕ್ಲೀನರ್ ಒಂದೊಂದು ಚಿಮ್ಮು ಹೊಡೆಯಿರಿ. ಆರ್‌ಪಿಎಂ ಬದಲಾದರೆ ಅಲ್ಲಿ ಗಾಳಿ ಎಳೀತಿದೆ. ಬೆಂಕಿ ಹಿಡಿಯೋ ಸರಕು, ಸೈಲೆನ್ಸರ್ ಪೈಪ್ ಕಾಯೋ ಮೊದಲೇ ಮುಗಿಸಿ. ಕಾರ್ಬ್‌ಗೂ ಇಂಜಿನ್‌ಗೂ ನಡುವಿನ ರಬ್ಬರ್ ಬೂಟ್‌ಗೂ ಇದೇ ಪರೀಕ್ಷೆ. ಅದು ಬಿರುಕು ಬಿಟ್ಟರೂ ಗಾಡಿ ಚೋಕ್ ಮೇಲೇ ಓಡುತ್ತೆ, ಆಗ ಹೊಸ ಕಾರ್ಬ್ ಹಾಕಿದರೂ ಕಥೆ ಅದೇ.

ಸ್ಲೈಡ್‌ನೀಡಲ್:
ಶಾಫ್ಟ್ ಗಟ್ಟಿ ಇದ್ದರೆ ಓವರ್‌ಹಾಲ್‌ಗೇ ನನ್ನ ಓಟು. ಜಪಾನಿ ಕಾರ್ಬ್ ಆಗಿದ್ದರೆ ಸ್ಕ್ರೂ ಜೆಐಎಸ್ (ಜಪಾನಿ ಮಾನದಂಡದ) ತಲೆಯವು, ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ನುಣ್ಣಗಾಗುತ್ತೆ. ಐಡ್ಲಿಂಗ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡೋ ಫ್ಯೂಯಲ್ ಸ್ಕ್ರೂ ಬಿಚ್ಚೋ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಬರೆದುಕೊಳ್ಳಿ. ಬಿಗಿ ಮಾಡಬೇಡಿ, ಮೊನೆ ಮುರಿದು ತೂತಲ್ಲೇ ಉಳಿದರೆ ಬಾಡಿ ಹೋಯ್ತು ಅಂತಲೇ ಲೆಕ್ಕ. ಸ್ಕ್ರೂ ಹೊರಗೆ ಬಂದಾಗ ಸ್ಪ್ರಿಂಗ್, ವಾಷರ್, ಪುಟ್ಟ ಓ-ರಿಂಗ್ ಮೂರೂ ಬಂದವಾ ನೋಡಿ. ಓ-ರಿಂಗ್ ಸಾಮಾನ್ಯವಾಗಿ ತೂತಲ್ಲೇ ಅಂಟಿಕೊಂಡಿರುತ್ತೆ. ಹಳೇದು ಒಳಗಿದ್ದ ಹಾಗೇ ಹೊಸದು ಹಾಕಿದರೆ ಐಡ್ಲಿಂಗ್ ಜನ್ಮದಲ್ಲಿ ನಿಲ್ಲಲ್ಲ. ವಾಪಸ್ ಹಾಕುವಾಗ ಸ್ಕ್ರೂಗೆ ಮೊದಲು ಸ್ಪ್ರಿಂಗ್, ಆಮೇಲೆ ವಾಷರ್, ಮೊನೆ ಕಡೆ ಓ-ರಿಂಗ್.

ಪೈಲಟ್ ಜೆಟ್ ಬೆಳಕಿಗೆ ಹಿಡಿಯಿರಿ. ತೂತು ಸುಮಾರು 0.4 ಮಿ.ಮೀ. ಅಷ್ಟೇ. ಸೂಜಿಮೊನೆಯಷ್ಟು ಬೆಳಕು ಪೂರ್ತಿ ಗುಂಡಗೆ ಕಾಣಬೇಕು, ಅರ್ಧಚಂದ್ರ ಕಂಡರೆ ಇನ್ನೂ ಅಂಟು ಇದೆ. ಸ್ಟೀಲ್ ತಂತಿ ತೂರಿಸಬೇಡಿ, ಜೆಟ್‌ನ ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತೆ. ವೈರ್ ಒಳಗಿನ ಒಂದೇ ತಾಮ್ರದ ಎಳೆ ಸಾಕು. ಆಮೇಲೆ ಪೈಲಟ್ ದಾರಿಗೆ ಸ್ಪ್ರೇ ಹೊಡೆದು, ಬಟರ್‌ಫ್ಲೈ (ಶಾಫ್ಟ್ ಮೇಲಿನ ತಟ್ಟೆ) ಅಂಚಿನಲ್ಲಿರುವ ಸಣ್ಣ ತೂತು ಪ್ರತಿಯೊಂದರಿಂದಲೂ ಹೊರಗೆ ಬರುತ್ತಾ ನೋಡಿ. ಜನ ಜೆಟ್ ತೊಳೆದು ಇದನ್ನ ಬಿಟ್ಟುಬಿಡ್ತಾರೆ.

ಸ್ಪ್ರೇ ಹೊಡೆಯೋ ಮೊದಲು ಡಯಾಫ್ರಂ, ಎಲ್ಲ ರಬ್ಬರ್ ಹೊರಗೆ ತೆಗೆದಿಡಿ. ಕ್ಲೀನರ್ ತಾಗಿದರೆ ಉಬ್ಬಿ ತಮ್ಮ ತೋಡಿನಲ್ಲಿ ಕೂರೋದೇ ಇಲ್ಲ. ಕಿಟ್‌ನಿಂದ ಗ್ಯಾಸ್ಕೆಟ್, ಓ-ರಿಂಗ್, ಫ್ಲೋಟ್ ನೀಡಲ್ ತಗೊಳ್ಳಿ. ಅದರಲ್ಲಿ ಬರೋ ಜೆಟ್‌ಗಳನ್ನ ಮುಟ್ಟಬೇಡಿ, ಮೇಲಿನ ನಂಬರ್ ಒಂದು, ಒಳಗಿನ ತೂತು ಇನ್ನೊಂದು ಇರೋದು ಮಾಮೂಲು. ಹಳೇ ಒರಿಜಿನಲ್ ಹಿತ್ತಾಳೆಯನ್ನೇ ತೊಳೆದು ಹಾಕಿ.

ಗೇರ್‌ಲೋ:
ಮೇಲಿನವರ ಮಾತು ಒಪ್ಪಿದೆ, ಆದರೂ ಕೆಲವು ಕಾರ್ಬ್‌ಗೆ ದುಡಿಯೋದು ದಂಡ. ಪೆಟ್ರೋಲ್‌ನಲ್ಲಿರೋ ಎಥನಾಲ್ ನೀರು ಹೀರುತ್ತೆ, ಆ ನೀರು ಬೌಲ್ ತಳಕ್ಕಿಳಿದು ಅಲ್ಯೂಮಿನಿಯಂ ತಿನ್ನುತ್ತೆ. ಆಗ ಕೂರೋ ಬಿಳಿ ಪುಡಿ ಒರೆಸಿದರೆ ಹೋಗುತ್ತಾ, ಚಿಂತೆಯಿಲ್ಲ. ಒರೆಸಿದ ಮೇಲೆ ಗುಳಿ ಕಾಣುತ್ತಾ, ಅದೂ ಬಿಚ್ಚಕ್ಕೆ ಬರದ ನೀಡಲ್ ಸೀಟ್ ಇರೋ ಜಾಗದಲ್ಲಾ, ಹೊಸದು ಹಾಕಿ. ಡೂಪ್ಲಿಕೇಟ್ ತಂದರೆ ಬಾಕ್ಸ್‌ನಿಂದ ತೆಗೆದು ನೇರ ಕೂರಿಸಬೇಡಿ. ಬೌಲ್ ಬಿಚ್ಚಿ ಲೋಹದ ಚೂರು ತೊಳೆದು, ಫ್ಲೋಟ್ ಎತ್ತರ ಅಳೆಯಿರಿ. ಹಳೆ ಜೆಟ್‌ಗಳ ಥ್ರೆಡ್ ಹೊಂದಿದರೆ ಅವನ್ನೇ ಇದಕ್ಕೆ ವರ್ಗಾಯಿಸಿ. ಹಳೆ ಕಾರ್ಬ್ ಎಸೆಯಬೇಡಿ.

ಕೆಸರುಗಾಲಿ:
ಶಾಫ್ಟ್ ಅಲ್ಲಾಡಲ್ಲ, ಬೂಟ್ ಸರಿ ಇದೆ. ಪೈಲಟ್ ಜೆಟ್‌ನಲ್ಲಿ ಬೆಳಕೇ ಬರ್ತಿಲ್ಲ. ಡಯಾಫ್ರಂ ಬೆಳಕಿಗೆ ಹಿಡಿದು ಸ್ವಲ್ಪ ಎಳೆದರೆ ಮಡಿಕೆ ಹತ್ತಿರ ಎರಡು ಸಣ್ಣ ಚುಕ್ಕೆ ಬೆಳಕು. ಅಂಟು ಹಚ್ಚಿದರೆ ನಡೆಯುತ್ತಾ? ಫ್ಲೋಟ್ ಅಳೆಯೋದು ಹೇಗೆ?

ಸ್ಲೈಡ್‌ನೀಡಲ್:
ಅಂಟು ಗಟ್ಟಿಯಾಗಿ ಮಡಿಕೆ ಮಡಚಲ್ಲ, ಪಕ್ಕದಲ್ಲೇ ಮತ್ತೆ ಹರಿಯುತ್ತೆ. ಡಯಾಫ್ರಂ ಬಿಡಿಯಾಗಿ ಸಿಗದಿದ್ದರೆ ಸ್ಲೈಡ್ ಜೊತೆ ಸೇರಿದ್ದು ತಗೊಳ್ಳಿ. ಹಾಕಿದ ಮೇಲೆ ಸ್ಲೈಡ್‌ನ ಬೆರಳಲ್ಲಿ ಮೇಲೆತ್ತಿ, ಕಾರ್ಬ್ ಬಾಯಲ್ಲಿ ಡಯಾಫ್ರಂ ಕೆಳಗಿನ ಕೋಣೆಗೆ ಹೋಗೋ ಗಾಳಿತೂತನ್ನ ಇನ್ನೊಂದು ಬೆರಳಲ್ಲಿ ಮುಚ್ಚಿ ಬಿಡಿ. ಮೆಲ್ಲಗೆ ಇಳಿದರೆ ಸರಿ. ದೊಪ್ಪಂತ ಬಿದ್ದರೆ ಡಯಾಫ್ರಂ ಅಂಚು ತೋಡಿನಲ್ಲಿ ಕೂತಿಲ್ಲ.

ಫ್ಲೋಟ್‌ಗೆ: ಬೌಲ್ ಗ್ಯಾಸ್ಕೆಟ್ ತೆಗೆದು ಕಾರ್ಬ್ ಓರೆ ಹಿಡಿಯಿರಿ. ಫ್ಲೋಟ್ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ ಮುಟ್ಟಬೇಕು, ಒತ್ತಬಾರದು. ಆ ಸ್ಥಿತಿಯಲ್ಲಿ ಬಾಡಿ ಅಂಚಿನಿಂದ ಫ್ಲೋಟ್ ತುದಿಗೆ ಅಳೆದು ಸರ್ವಿಸ್ ಮ್ಯಾನುಯಲ್ ಅಳತೆಗೆ ಹೋಲಿಸಿ. ಪೂರ್ತಿ ತಲೆಕೆಳಗು ಮಾಡಿ ಅಳೆದರೆ ಫ್ಲೋಟ್ ಭಾರಕ್ಕೆ ಪಿನ್ ಒಳಗೆ ಹೋಗಿ ಲೆಕ್ಕ ತಪ್ಪುತ್ತೆ.

ಪೈಲಟ್‌ಜೆಟ್:
ಜೋಡಿಸಿದ ಮೇಲೆ ಬೌಲ್ ಡ್ರೈನ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಬೌಲ್ ಪಕ್ಕ ಮೇಲಕ್ಕೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಪೈಪಲ್ಲಿ ಪೆಟ್ರೋಲ್ ನಿಂತ ಮಟ್ಟವೇ ಒಳಗಿನ ಮಟ್ಟ. ನಿಲ್ಲದೆ ಏರ್ತಾನೇ ಇದ್ದರೆ ನೀಡಲ್ ಹಿಡೀತಿಲ್ಲ. ಐಡ್ಲಿಂಗ್ ಸೆಟ್ ಮಾಡೋದು ಇಂಜಿನ್ ಪೂರ್ತಿ ಬಿಸಿಯಾದ ಮೇಲೆ: ಫ್ಯೂಯಲ್ ಸ್ಕ್ರೂನ ಕಾಲು ಕಾಲು ಸುತ್ತು ಹೊರಗೆ ತಿರುಗಿಸಿ, ಆರ್‌ಪಿಎಂ ಅತಿ ಹೆಚ್ಚಾದ ಕಡೆ ನಿಲ್ಲಿಸಿ. ತಳದಿಂದ ಮೂರು ಸುತ್ತು ದಾಟಿದರೂ ಸರಿಹೋಗದಿದ್ದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ, ಮತ್ತೆ ಬಿಚ್ಚಿ. ಟ್ಯಾಂಕ್ ಖಾಲಿ ಮಾಡಿ ತೊಳೆದು ಹೊಸ ಫಿಲ್ಟರ್ ಹಾಕದೆ ಮಾತ್ರ ಕಾರ್ಬ್‌ಗೆ ಪೆಟ್ರೋಲ್ ಬಿಡಬೇಡಿ.