ಖಾಸಗಿ ಶಾಲೆಯ ಶಿಕ್ಷಕರಿಗೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ಎರಡು ವರ್ಷದ ತರಬೇತಿ ಡಿಪ್ಲೊಮಾ), ಬಿ.ಎಡ್. ಕಡ್ಡಾಯವಾಗಿರಬೇಕೆ?

ಶಾಲಾ ಕಾರ್ಯದರ್ಶಿ: ತಾಲ್ಲೂಕು ಕೇಂದ್ರದಲ್ಲಿ ಶಾಲೆ ನಡೆಸುವ ನನಗೆ ಎಂ.ಎಸ್ಸಿ. ಓದಿದವರು ಸಿಗುತ್ತಾರೆ, ಬಿ.ಎಡ್. ಆದವರು ಸಿಗುವುದಿಲ್ಲ. ವಿಷಯ ಬಲ್ಲವರಿಗೆ ಪಾಠ ತಾನಾಗಿ ಒಲಿಯುತ್ತದೆ. ಸ್ವತಂತ್ರವಾಗಿ ನಡೆಯುವ ಹತ್ತು ಸಾವಿರಕ್ಕೂ ಹೆಚ್ಚು ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಪದವಿಯನ್ನು ದುಡ್ಡಿಗೆ ಮಾರುತ್ತಿವೆ ಎಂದು, ಶಿಕ್ಷಕರ ತರಬೇತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವನ್ನು ಆಧರಿಸಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ.

ಗಣಿತದ ಮೇಡಂ: ‘ತಾನಾಗಿ ಒಲಿಯುತ್ತದೆ’ಯೆ? ಮೂರನೇ ತರಗತಿಯ ಮಗುವೊಂದು 52ರಲ್ಲಿ 17 ಕಳೆದು 45 ಎಂದು ಬರೆದಿದ್ದಾಗ, ಎಂ.ಎಸ್ಸಿ. ಮುಗಿಸಿ ನೇರವಾಗಿ ಬಂದಿದ್ದ ನನ್ನ ಸಹೋದ್ಯೋಗಿ ಅದನ್ನು ಹೊಡೆದುಹಾಕಿ 35 ಎಂದು ತಿದ್ದಿಕೊಟ್ಟರು. ಮಗು ಬಿಡಿಸ್ಥಾನದಲ್ಲಿ ಏಳರಿಂದ ಎರಡನ್ನು ಕಳೆದಿದೆ ಎಂದು ಗುರುತಿಸಿ, ಹತ್ತು ಕಡ್ಡಿಗಳ ಕಟ್ಟೊಂದನ್ನು ಅದರ ಕೈಯಿಂದಲೇ ಬಿಚ್ಚಿಸುವುದನ್ನು ನನಗೆ ಕಲಿಸಿದ್ದು ಡಿ.ಎಲ್.ಎಡ್. ಅಂದಹಾಗೆ, 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದರಿಂದ ಐದನೇ ತರಗತಿಗೆ ನಿಮ್ಮ ಬಿ.ಎಡ್. ಅರ್ಹತೆಯೇ ಅಲ್ಲ.

ಅಂಕಿಅಂಶಪ್ರಿಯ: ಕಡ್ಡಿಯ ಕಟ್ಟು ಬಿಚ್ಚುವುದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು, ಅದಕ್ಕೆ ಎರಡು ವರ್ಷ ಬೇಕಿಲ್ಲ. ಗ್ರಾಮೀಣ ಆಂಧ್ರಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನದಲ್ಲಿ, ತರಬೇತಿಯೂ ಸಂಬಳವೂ ಕಡಿಮೆಯಿದ್ದ ಗುತ್ತಿಗೆ ಶಿಕ್ಷಕರನ್ನು ಹೆಚ್ಚುವರಿಯಾಗಿ ಪಡೆದ ಶಾಲೆಗಳ ಮಕ್ಕಳು ಎರಡು ವರ್ಷಗಳಲ್ಲಿ ಉಳಿದವರಿಗಿಂತ ಮುಂದಿದ್ದರು.

ಹಳ್ಳಿ ಮೇಷ್ಟ್ರು: ‘ಹೆಚ್ಚುವರಿಯಾಗಿ’ ಎಂಬ ಪದವನ್ನು ನೀವೇ ಬರೆದು ನೀವೇ ಮರೆತಿದ್ದೀರಿ. ಶಾಲೆಗೆ ಇನ್ನೊಬ್ಬ ಶಿಕ್ಷಕ ಬಂದರೆ ತರಗತಿಯ ಗದ್ದಲ ತಗ್ಗುತ್ತದೆ, ಆ ಲಾಭವನ್ನು ತರಬೇತಿ ಇಲ್ಲದಿರುವುದರ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಮೇಲಾಗಿ ಅವು ಸರ್ಕಾರಿ ಶಾಲೆಗಳು.

ಅಂಕಿಅಂಶಪ್ರಿಯ: ಅಧ್ಯಯನವನ್ನು ಪೂರ್ತಿ ಓದಿ, ಮೇಷ್ಟ್ರೇ. ಗುತ್ತಿಗೆಯವರು ಕಾಯಂ ಶಿಕ್ಷಕರಿಗಿಂತ ಕಡಿಮೆ ಪರಿಣಾಮಕಾರಿಗಳಲ್ಲ ಎಂಬುದನ್ನು ಅವರು ಪ್ರತ್ಯೇಕವಾಗಿಯೇ ತೋರಿಸಿದ್ದಾರೆ. ಇನ್ನು ‘ಸರ್ಕಾರಿ’ ಎಂಬ ಆಕ್ಷೇಪ: ಮಗುವಿನ ಮಿದುಳು ಶಾಲೆಯ ಬೋರ್ಡು ನೋಡಿ ಕಲಿಯುವುದಿಲ್ಲ.

ಹಳ್ಳಿ ಮೇಷ್ಟ್ರು: ಓದದೆ ಮಾತನಾಡುತ್ತೇನೆಂದು ತಿಳಿಯಬೇಡಿ, ಸ್ವಾಮಿ. ಆ ಗುತ್ತಿಗೆ ಶಿಕ್ಷಕರು ಬಹುಮಟ್ಟಿಗೆ ಅದೇ ಊರಿನವರು, ಗೈರುಹಾಜರಿ ಕಡಿಮೆ. ಅಲ್ಲಿ ಗೆದ್ದದ್ದು ಹಾಜರಿಯೇ ಹೊರತು ತರಬೇತಿ ಇಲ್ಲದಿರುವುದಲ್ಲ.

ದಾವಣಗೆರೆಯ ಪೋಷಕಿ: ನೀವಿಬ್ಬರೂ ಆಂಧ್ರದಿಂದ ಹಿಂದಿರುಗುವುದು ಯಾವಾಗ? ಶಿಕ್ಷಣ ಹಕ್ಕು ಕಾಯ್ದೆಯ 2017ರ ತಿದ್ದುಪಡಿ, ಖಾಸಗಿ ಶಾಲೆಗಳ ತರಬೇತಿರಹಿತ ಶಿಕ್ಷಕರೂ ಸೇರಿದಂತೆ ಎಲ್ಲರಿಗೂ ತರಬೇತಿ ಪೂರೈಸಲು 2019ರ ಮಾರ್ಚ್ 31ರ ಗಡುವು ಕೊಟ್ಟಿತ್ತು. ಅದು ಮುಗಿದ ಮೇಲೂ ಶುಲ್ಕ ಪಡೆದು ಅನರ್ಹರನ್ನು ತರಗತಿಗೆ ಕಳುಹಿಸುವುದೇಕೆ ಎಂದು ಕಾರ್ಯದರ್ಶಿಗಳು ಹೇಳಲಿ.

ಶಾಲಾ ಕಾರ್ಯದರ್ಶಿ: ಶುಲ್ಕದ ಮಾತೆತ್ತುವ ಪೋಷಕರೇ ಪ್ರತಿ ಜೂನ್‌ನಲ್ಲಿ ರಿಯಾಯಿತಿ ಕೇಳಿಕೊಂಡು ಬರುತ್ತಾರೆ. ಆ ಹಣದಲ್ಲಿ ಸರ್ಕಾರಿ ವೇತನ ಬಿಟ್ಟು ಯಾವ ತರಬೇತಿ ಪಡೆದವರು ನಮ್ಮಲ್ಲಿಗೆ ಬರುತ್ತಾರೆ, ಮೇಡಂ?

ಗಣಿತದ ಮೇಡಂ: ಹಾಗಾದರೆ ತರಬೇತಿ ಬೇಡವೆಂಬ ನಿಮ್ಮ ವಾದವೆಲ್ಲ ಸಂಬಳ ಉಳಿಸಲಿಕ್ಕೆ ಎಂದಾಯಿತು.

ಶಾಲಾ ಕಾರ್ಯದರ್ಶಿ: ನಾನು ಹಾಗೆ ಹೇಳಿಲ್ಲ. ಪದವಿ ಮಾರುವ ಸಂಸ್ಥೆಗಳ ಬಗ್ಗೆ ನೀವು ಇನ್ನೂ ಒಂದು ಮಾತನ್ನೂ ಆಡಿಲ್ಲ.

ಅಂಕಿಅಂಶಪ್ರಿಯ: ಮೇಷ್ಟ್ರೇ, ಹಾಜರಿಯೇ ಗೆದ್ದದ್ದಾದರೆ, ತರಬೇತಿ ಪಡೆದ ಕಾಯಂ ಶಿಕ್ಷಕರು ಏಕೆ ಹಾಜರಿರಲಿಲ್ಲ?