ಪೆಟ್ರೋಲಿಯಂ ಬೇಡದ ವಿಮಾನ: ಟ್ಯಾಂಕ್ ಎಲ್ಲಿ ಇಡುವುದು?

ಪ್ರಶ್ನೆ: ನಮಸ್ಕಾರ ಮೇಡಂ, ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದೇನೆ. ಕಾರು, ಬಸ್ಸು ಎಲ್ಲ ಎಲೆಕ್ಟ್ರಿಕ್ ಆಗುತ್ತಿವೆ. ಬೆಂಗಳೂರು–ದೆಹಲಿ ವಿಮಾನಕ್ಕೂ ಬ್ಯಾಟರಿ ಹಾಕಿದರೆ ಆಗಲ್ವಾ?

ಉತ್ತರ: ಸದ್ಯಕ್ಕೆ ಆಗುವುದಿಲ್ಲ. ತೂಕ ಬಿಡುವುದಿಲ್ಲ. ಒಂದು ಕೆಜಿ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ, ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಒಳ್ಳೆಯ ಲಿಥಿಯಂ ಸೆಲ್ಲಿನಲ್ಲಿ ಕೆಜಿಗೆ ಕಾಲು ಯೂನಿಟ್ ಆಸುಪಾಸು. ಎ320 ವಿಮಾನ ದೆಹಲಿ ಮುಟ್ಟುವಷ್ಟರಲ್ಲಿ ಸುಮಾರು 6 ಟನ್ ಇಂಧನ ಸುಡುತ್ತದೆ. ಮೋಟರಿನಲ್ಲಿ ಶಕ್ತಿ ಪೋಲಾಗುವುದು ಕಡಿಮೆ ಅಂತ ಲೆಕ್ಕ ಹಿಡಿದರೂ, ಅಷ್ಟು ದೂರಕ್ಕೆ ಬೇಕಾದ ಬ್ಯಾಟರಿ 100 ಟನ್ ದಾಟುತ್ತದೆ. ತನ್ನ ಸ್ವಂತ ತೂಕ, ಜನ, ಲಗೇಜು, ಇಂಧನ ಎಲ್ಲ ಸೇರಿ ಆ ವಿಮಾನ ಮೇಲೇರಬಹುದಾದ ಒಟ್ಟು ತೂಕವೇ ಸುಮಾರು 78 ಟನ್. ಚಿಕ್ಕದಕ್ಕೆ ಸರಿ. ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ಎಂಬ ಎರಡು ಸೀಟಿನ ಬ್ಯಾಟರಿ ವಿಮಾನಕ್ಕೆ 2020ರಲ್ಲೇ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ.

ಪ್ರಶ್ನೆ: ಹೈಡ್ರೋಜನ್ ಹಗುರ ಅಲ್ವಾ? ಈಗಿನ ಹಾಗೆ ರೆಕ್ಕೆಯೊಳಗೇ ತುಂಬಿಸಬಹುದಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ, ವಿಮಾನ ವಿನ್ಯಾಸ ಮಾಡುವ ನಾವು ತಲೆ ಕೆಡಿಸಿಕೊಂಡಿರುವುದು ಇದಕ್ಕೇ. ಕೆಜಿಗೆ ಸುಮಾರು 33 ಯೂನಿಟ್, ತೂಕದಲ್ಲಿ ಹೈಡ್ರೋಜನ್ ಗೆದ್ದಿತು. ಆದರೆ ಮೈನಸ್ 253 ಡಿಗ್ರಿಗೆ ಇಳಿಸಿ ದ್ರವ ಮಾಡಿದರೂ, ಅಷ್ಟೇ ಶಕ್ತಿಗೆ ಈಗಿನ ಇಂಧನಕ್ಕಿಂತ ನಾಲ್ಕು ಪಟ್ಟು ಜಾಗ ಬೇಕು. ರೆಕ್ಕೆ ಚಪ್ಪಟೆ, ಅದರೊಳಗಿನ ಟ್ಯಾಂಕಿಗೆ ಹೊರಮೈ ಜಾಸ್ತಿ. ಹೊರಮೈ ಜಾಸ್ತಿ ಇದ್ದಷ್ಟೂ ಶಾಖ ಒಳಗೆ ನುಗ್ಗುತ್ತದೆ, ದ್ರವ ಕುದಿದು ಒತ್ತಡ ಏರುತ್ತದೆ. ಹಾಗಾಗಿ ದುಂಡನೆಯ ಟ್ಯಾಂಕೇ ಬೇಕು, ಫ್ಲಾಸ್ಕಿನ ಹಾಗೆ ಎರಡು ಗೋಡೆ, ನಡುವೆ ನಿರ್ವಾತ. ಅದನ್ನು ಕ್ಯಾಬಿನ್ ಹಿಂದೆ ಇಟ್ಟರೆ ಸೀಟು ಕಡಿಮೆಯಾಗುತ್ತವೆ, ಜೊತೆಗೆ ಟ್ಯಾಂಕ್ ಖಾಲಿಯಾಗುತ್ತಾ ಹೋದಂತೆ ವಿಮಾನದ ಭಾರ ಮುಂದಕ್ಕೆ ಸರಿಯುತ್ತದೆ, ಅದನ್ನು ತಡೆದುಕೊಳ್ಳುವಂತೆ ಬಾಲವನ್ನೂ ವಿನ್ಯಾಸ ಮಾಡಬೇಕು. ಎಂಜಿನ್ ಉರಿಸುವುದು ಹೊಸದೇನಲ್ಲ. ಸೋವಿಯತ್ ಒಕ್ಕೂಟದ ಟಿಯು-155 ವಿಮಾನ 1988ರ ಏಪ್ರಿಲ್‌ನಲ್ಲೇ ಮೂರು ಎಂಜಿನ್‌ಗಳಲ್ಲಿ ಒಂದನ್ನು ದ್ರವ ಹೈಡ್ರೋಜನ್‌ನಲ್ಲಿ ಓಡಿಸಿ ಹಾರಿತ್ತು. ಹೈಡ್ರೋಜನ್ ವಿಮಾನವನ್ನು 2035ಕ್ಕೆ ತರುತ್ತೇವೆ ಅಂದಿದ್ದ ವಿಮಾನ ತಯಾರಿಕಾ ಕಂಪನಿ ಏರ್‌ಬಸ್ 2025ರಲ್ಲಿ ಗಡುವು ಮುಂದಕ್ಕೆ ಹಾಕಿದಾಗ ನನಗೆ ಬೇಸರವಾಯಿತು, ಆದರೆ ನಿಲ್ದಾಣಗಳಲ್ಲಿ ಹೈಡ್ರೋಜನ್ನೇ ಸಿಗದಿದ್ದರೆ ಸುಮ್ನೆ ವಿಮಾನ ಕಟ್ಟಿ ಏನು ಪ್ರಯೋಜನ?

ಪ್ರಶ್ನೆ: ಈ ಕೆಲಸಕ್ಕೆ ಬರಬೇಕೆಂದರೆ ಏನು ಓದಲಿ?

ಉತ್ತರ: ಹೀಟ್ ಟ್ರಾನ್ಸ್‌ಫರ್, ಅಂದರೆ ಶಾಖ ಹರಿಯುವ ಬಗೆ, ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕ್ರಯೋಜೆನಿಕ್ಸ್, ಅಂದರೆ ಅತಿ ತಣ್ಣನೆಯ ಸ್ಥಿತಿಯ ವಿಜ್ಞಾನ. ಇಸ್ರೋ ರಾಕೆಟ್‌ಗಳಲ್ಲಿ ದ್ರವ ಹೈಡ್ರೋಜನ್ ಇದೆ, ಗೊತ್ತಿರುವವರು ನಮ್ಮಲ್ಲೇ ಇದ್ದಾರೆ. ಆದರೆ ರಾಕೆಟ್ಟಿನ ಟ್ಯಾಂಕ್ ಒಂದು ಸಲ ಹಾರಿದರೆ ಮುಗಿಯಿತು. ವಿಮಾನದ್ದು ದಿನಕ್ಕೆ ಹಲವು ಸಲ ತುಂಬಿ ಖಾಲಿಯಾಗುತ್ತಾ ವರ್ಷಗಟ್ಟಲೆ ಬಾಳಬೇಕು. ಅಷ್ಟು ಸಲ ತಣ್ಣಗಾಗಿ ಬೆಚ್ಚಗಾದರೂ ವೆಲ್ಡಿಂಗ್ ಬಿರುಕು ಬಿಡದ ಹಾಗೆ ಮಾಡುವುದು ಹೇಗೆ? ನಿಮ್ಮ ಪ್ರಾಜೆಕ್ಟಿಗೆ ಇದನ್ನೇ ಹಿಡಿಯಿರಿ.