ಗೋವಾದಲ್ಲಿರುವ ಕನ್ನಡಿಗರು ಮತದಾರರ ಪಟ್ಟಿಗಾಗಿ ಪೌರತ್ವವನ್ನು ತೋರಿಸುವುದು ಹೇಗೆ?

ಜುವಾರಿನಗರ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಾನು 1985ರಲ್ಲಿ ಬಾದಾಮಿ ತಾಲ್ಲೂಕಿನ ನಮ್ಮೂರಿನ ಮನೆಯಲ್ಲೇ ಹುಟ್ಟಿದವನಾದ್ದರಿಂದ ಜನನ ಪ್ರಮಾಣಪತ್ರವಿಲ್ಲ. ಗೌಂಡಿ ಕೆಲಸಕ್ಕೆ ಗೋವಾಕ್ಕೆ ಬಂದು ಇಲ್ಲಿಯೇ ಮತದಾರನಾದೆ. ಮತದಾರರ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ವಿಶೇಷ ತೀವ್ರ ಪರಿಷ್ಕರಣೆಯ (ಎಸ್‌ಐಆರ್) ಗಣತಿ ನಮೂನೆಯಲ್ಲಿ, ಹಿಂದಿನ ಸಲ 2002ರಲ್ಲಿ ಹೀಗೆ ಪರಿಷ್ಕರಿಸಿದ ಹಳೆಯ ಪಟ್ಟಿಯ ವಿವರವನ್ನು ಖಾಲಿ ಬಿಟ್ಟಿದ್ದೆ; ಈಗ ವಿಚಾರಣೆಗೆ ನೋಟಿಸ್ ಬಂದಿದೆ. ಆಧಾರ್ ಒಂದೇ ಸಾಕಾಗುವುದಿಲ್ಲವೇ?

ವಾಸ್ಕೋ ಓದುಗ:
ಸಾಕಾಗುವುದಿಲ್ಲ ಸರ್. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಅದು ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಮತದಾನದ ಹಕ್ಕನ್ನು ಸಂವಿಧಾನದ 326ನೇ ವಿಧಿ ಭಾರತದ ನಾಗರಿಕರಿಗೆ ಮಾತ್ರ ಕೊಟ್ಟಿದೆ. ಆದರೆ ನಿಮ್ಮ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ: 1955ರ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ನಾಗರಿಕರು; ತಂದೆತಾಯಿಯ ಪೌರತ್ವವನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿ ಅಥವಾ ಜಾತಿ ಪ್ರಮಾಣಪತ್ರ ಒಯ್ಯಿರಿ. ತಂದೆಯವರು 2002ರಲ್ಲಿ ಊರಲ್ಲಿ ಮತ ಹಾಕುತ್ತಿದ್ದರೆ, ಕರ್ನಾಟಕದ ಆ ಪಟ್ಟಿಯಲ್ಲಿರುವ ಅವರ ಹೆಸರಿನ ಪ್ರತಿಯನ್ನೂ ತೆಗೆದುಕೊಂಡು ಹೋಗಿರಿ. ಬೇರೆ ರಾಜ್ಯದ್ದೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ.

ಮಡಗಾಂವ್ ನಿವಾಸಿ:
ಈ ಪರಿಶೀಲನೆ ಬೇಕೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗೋವಾದಲ್ಲಿ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ 1961ರ ಡಿಸೆಂಬರ್ 19ಕ್ಕಿಂತ ಮೊದಲು ಹುಟ್ಟಿದವರೂ ಅವರ ಮಕ್ಕಳೂ ಪೋರ್ಚುಗಲ್‌ನ ಪೌರತ್ವವನ್ನು ಪಡೆಯಬಹುದು. ಸ್ವಇಚ್ಛೆಯಿಂದ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ, ಆದರೆ ಯಾರಾದರೂ ತೆಗೆಸುವವರೆಗೆ ಹೆಸರು ಪಟ್ಟಿಯಲ್ಲೇ ಇರುತ್ತದೆ. 2022ರಲ್ಲಿ ಸೇಂಟ್ ಆಂದ್ರೆ ಕ್ಷೇತ್ರದ ಗೆಲುವಿನ ಅಂತರ ಬರೀ 76 ಮತಗಳು. ಇಂಥ ಪುಟ್ಟ ಕ್ಷೇತ್ರಗಳಲ್ಲಿ ಅನರ್ಹವಾದ ಒಂದೊಂದು ಮತವೂ ನಿಮ್ಮ ನ್ಯಾಯವಾದ ಮತವನ್ನು ಅಳಿಸಿಹಾಕುತ್ತದೆ.

ಮಾಪುಸಾದ ವಕೀಲ:
ಒಪ್ಪುತ್ತೇನೆ, ಆದರೆ ಕಾಗದವಿಲ್ಲದ ಕೂಲಿಕಾರನನ್ನು ಪರದೇಶಿಯೆಂದು ಮೊದಲೇ ತೀರ್ಮಾನಿಸಬಾರದು. ಮುಂಬಯಿ ಮತ್ತು ದೆಹಲಿಯ ಬಡ ಮತದಾರರಿಗೆ ಪೌರತ್ವ ಸಾಬೀತುಪಡಿಸುವಂತೆ ನೋಟಿಸ್ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದು ಇದನ್ನೇ: ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರನ್ನು ತೆಗೆಯುವ ಮುನ್ನ ಅನುಮಾನಕ್ಕೆ ಆಧಾರವೇನೆಂದು ತಿಳಿಸಬೇಕು, ಉತ್ತರಿಸಲು ನಿಜವಾದ ಅವಕಾಶ ಕೊಡಬೇಕು. ಆದ್ದರಿಂದ ನೀವು ಕೊಟ್ಟ ಪ್ರತಿಯೊಂದು ದಾಖಲೆಗೂ ಸ್ವೀಕೃತಿ ಪಡೆಯಿರಿ. ಹೆಸರು ಕೈಬಿಟ್ಟರೆ ಲಿಖಿತ ಆದೇಶವನ್ನು ಕೇಳಿ. 1950ರ ಜನಪ್ರಾತಿನಿಧ್ಯ ಕಾಯ್ದೆಯ 24ನೇ ಕಲಮಿನಂತೆ ಮೊದಲು ಜಿಲ್ಲಾಧಿಕಾರಿಗೆ, ಆಮೇಲೆ ರಾಜ್ಯದ ಮುಖ್ಯ ಚುನಾವಣಾ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಜುವಾರಿನಗರ ನಿವಾಸಿ:
ಅಪ್ಪ 2002ರಲ್ಲಿ ಊರಿನಲ್ಲೇ ಮತ ಹಾಕುತ್ತಿದ್ದರು. ಅವರ ಹೆಸರಿರುವ ಭಾಗವನ್ನು ಹುಡುಕಿ ಕಳಿಸುವಂತೆ ಚಿಕ್ಕಪ್ಪನಿಗೆ ಈಗಷ್ಟೇ ಹೇಳಿದ್ದೇನೆ. ವಿಚಾರಣೆಗೆ ಅಂಕಪಟ್ಟಿಯ ಜೊತೆಗೆ ಅದನ್ನೂ ಒಯ್ಯುತ್ತೇನೆ.